ಎರವಲು ಹೋದ ಸಿಪಾಯಿ

“ಆ ಪದಕ ನಿಮಗೇ ಬರಬೇಕಾಗಿತ್ತು ಅನ್ನೋದಕ್ಕೆ ಏನು ಸಾಕ್ಷಿ, ಯಜಮಾನ್ರೇ?”

ಗುಮಾಸ್ತೆಯ ದನಿಯಲ್ಲಿ ಅನುಮಾನ ಎದ್ದು ಕಾಣುತ್ತಿತ್ತು. ಸೈನ್ಯದ ದಾಖಲೆ ಕಚೇರಿಯಲ್ಲಿ ಕೂತು ಅವಳು ಎಂಥೆಂಥವರನ್ನೋ ನೋಡಿದ್ದಳು. ಕೂದಲು ಹಣ್ಣಾದ ಮೇಲೆ ಶೌರ್ಯ ನೆನಪಾಗುವವರೇನೂ ಕಡಿಮೆ ಇರಲಿಲ್ಲ.

ಮೇಜಿನ ಆಚೆ ನಿಂತಿದ್ದ ಮುದುಕ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. “ಸಾಕ್ಷಿ ಹೇಳೋರೆಲ್ಲ ಒಬ್ಬೊಬ್ಬರಾಗಿ ದೇವರ ಹತ್ರ ಹೋದ್ರು ತಾಯಿ. ಅಲ್ಲಿಗೆ ಹೋಗಿ ಕೇಳಿದ್ರೆ ಹೇಳ್ತಾರೆ.”

ಬಾಗಿಲ ಬಳಿ ಕೂತಿದ್ದ ಜವಾನ ಕಿಸಕ್ಕನೆ ನಕ್ಕ. ಮುದುಕನಿಗೆ ‘ಜನರಲ್’ ಎಂದು ಹೆಸರಿಟ್ಟವನು ಅವನೇ. ಅಸಲಿಗೆ ಮುದುಕ ರೆಜಿಮೆಂಟಿನ ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಿದ್ದ ಸಾದಾ ಸಿಪಾಯಿ. ಯುದ್ಧ ಬಂದರೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಗಾಯಾಳುಗಳ ಸ್ಟ್ರೆಚರ್ ಹೊರಬೇಕು; ಅದು ಸೈನ್ಯದ ರೂಢಿ. ಇವನನ್ನೂ ಹಾಗೆಯೇ ಯುದ್ಧಭೂಮಿಯ ಆಸ್ಪತ್ರೆಗೆ ಎರವಲು ಕೊಟ್ಟಿದ್ದರು. ಗುಂಡಿನ ಸುರಿಮಳೆಯಲ್ಲಿ ಹೊಳೆ ದಾಟಿ ಗಾಯಾಳುಗಳನ್ನು ಹೊತ್ತು ತಂದವರಿಗೆಲ್ಲ ಪದಕ ಎಂದು ಆಮೇಲೆ ಸಾರಿದರು. ಇವನ ಹೆಸರನ್ನು ರೆಜಿಮೆಂಟ್ ಬರೆದೀತೆಂದು ಆಸ್ಪತ್ರೆ ಸುಮ್ಮನಾಯಿತು. ಆಸ್ಪತ್ರೆ ಬರೆದೀತೆಂದು ರೆಜಿಮೆಂಟ್ ಸುಮ್ಮನಾಯಿತು. ಇದು ಅವನು ಹೇಳುವ ಕಥೆ.

“ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಈಗ್ಯಾಕೆ ಬಂದ್ರಿ?”

“ಆಗ ಬೇಕಿರಲಿಲ್ಲ. ನಮ್ಮವಳು ತೀರಿಕೊಂಡ ಮೇಲೆ ಬೇಕು ಅನ್ನಿಸ್ತು.”

ಗುಮಾಸ್ತೆಗೆ ಅರ್ಥವಾಯಿತು. ಪದಕ ಸೇರಿದರೆ ಪಿಂಚಣಿ ಏರುತ್ತದೆ. ದುಡಿಯುತ್ತಿದ್ದ ಹೆಂಡತಿ ಹೋಗಿದ್ದಾಳೆ, ಕೈ ಬಿಗಿಯಾಗಿದೆ. ಅಷ್ಟೇ. ಅವಳು ಅರ್ಜಿಯ ಮೇಲೆ ಕಣ್ಣಾಡಿಸಿದಳು.

“ವಿಳಾಸ ಬೇರೆ ಬದಲಾಗಿದೆ?”

“ಮೂರನೇ ಮಹಡಿ ಬಿಟ್ಟು ಕೆಳಗೆ ಬಂದೆ. ಬೀದಿಗೇ ಬಾಗಿಲು. ಬಾಡಿಗೆ ಜಾಸ್ತಿ, ಗದ್ದಲವೂ ಜಾಸ್ತಿ. ಆದ್ರೆ ಆ ಮೆಟ್ಟಿಲಿನ ತಿರುವು ತೀರಾ ಇಕ್ಕಟ್ಟು.”

ಕೈ ಬಿಗಿಯಾದವನು ಹೆಚ್ಚು ಬಾಡಿಗೆಯ ಕೋಣೆ ಹಿಡಿಯುತ್ತಾನೆಯೇ? ಮೊಣಕಾಲು ನೋವು ಎನ್ನೋಣವೆಂದರೆ, ಈ ಕಚೇರಿಯ ಮೆಟ್ಟಿಲನ್ನು ಅವನು ಕಂಬಿಯನ್ನೂ ಹಿಡಿಯದೆ ಹತ್ತಿ ಬರುವುದನ್ನು ಅವಳೇ ಕಂಡಿದ್ದಳು. ಎಲ್ಲೋ ಒಂದು ಸುಳ್ಳಿದೆ.

“ನೋಡ್ತೀವಿ, ಹೋಗಿ ಬನ್ನಿ,” ಎಂದಳು. ಆ ಕಚೇರಿಯಲ್ಲಿ ಆ ಮಾತಿಗೆ ಇಲ್ಲ ಎಂದೇ ಅರ್ಥ.

ಅವನು ಹೊರಟ. ಹೊರಗೆ ಜವಾನನೂ ಇನ್ನೂ ಮೂವರೂ ಕಬ್ಬಿಣದ ಬೀರು ಒಂದನ್ನು ಕೆಳಗಿಳಿಸಲು ಹೆಣಗುತ್ತಿದ್ದರು. ‘ಒಂದು, ಎರಡು’ ಎಂದು ಕೂಗುತ್ತಾ ಕವಾಯತಿನವರಂತೆ ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದರು. ಬೀರು ಒಮ್ಮೆ ಈ ಗೋಡೆಗೆ, ಒಮ್ಮೆ ಆ ಗೋಡೆಗೆ ಬಡಿಯುತ್ತಿತ್ತು.

“ಹೆಜ್ಜೆ ಸೇರಿಸಬೇಡ್ರೋ!” ಮುದುಕ ಕೂಗಿದ. “ಸೇರಿಸಿದ್ರೆ ತೂಗಾಡುತ್ತೆ. ಒಬ್ಬನ ಎಡಗಾಲು ಬಿದ್ದಾಗ ಇನ್ನೊಬ್ಬನ ಬಲಗಾಲು ಬೀಳಬೇಕು. ಎತ್ತರದವನು ಕೆಳಗಡೆ ನಿಲ್ಲು. ಮೆಲ್ಲಗೆ... ಒಳಗಿರೋನಿಗೆ ನೋವಾಗಬಾರದು.”

“ಬೀರು ಒಳಗೆ ಯಾರಿದ್ದಾರೆ, ಜನರಲ್ ಸಾಹೇಬ್ರೇ?” ಎಂದು ಜವಾನ ಹಲ್ಲುಕಿರಿದ. ಆದರೂ ಹೇಳಿದಂತೆ ಹೆಜ್ಜೆ ಬದಲಿಸಿದ. ಬೀರು ಎಲ್ಲಿಯೂ ತಾಗದೆ ಕೆಳಗಿಳಿಯಿತು.

ಬಾಗಿಲಲ್ಲಿ ನಿಂತಿದ್ದ ಗುಮಾಸ್ತೆ ನಗಲಿಲ್ಲ. ಸ್ಟ್ರೆಚರ್ ಹೊತ್ತವನಿಗಲ್ಲದೆ ಬೇರೆ ಯಾರಿಗೂ ಹಾಗೆ ಹೇಳುವುದು ಸಾಧ್ಯವಿರಲಿಲ್ಲ. ಮರುದಿನದಿಂದ ಅವಳು ರೆಜಿಮೆಂಟಿನ ಕಡತಗಳನ್ನು ಬದಿಗಿಟ್ಟು ಆಸ್ಪತ್ರೆಯ ಹಳೆಯ ಕಟ್ಟುಗಳ ಧೂಳು ಕೊಡವತೊಡಗಿದಳು. ಮೂಗಿಗೆ ಸೆರಗು ಕಟ್ಟಿಕೊಂಡು ಹುಡುಕಿದಳು. ಹೊಳೆ ದಾಟಿದವರ ಸಾಲಿನಲ್ಲಿ ಅವನ ಹೆಸರು ಇತ್ತು. ಮೇಲಧಿಕಾರಿ ಗೊಣಗುತ್ತಲೇ ರುಜು ಹಾಕಿದ.

ಮುಂದಿನ ಸಲ ಮುದುಕ ಬಂದಾಗ ಅವಳೇ ಕುರ್ಚಿ ಎಳೆದುಕೊಟ್ಟಳು. ಪದಕದ ಪೆಟ್ಟಿಗೆಯನ್ನು ಮುಂದಿಟ್ಟಳು.

“ಒಂದು ಸಣ್ಣ ಸಮಾರಂಭ ಮಾಡೋಣ ಅಂತಿದ್ದಾರೆ. ಸಾಹೇಬ್ರೇ ನಿಮ್ಮ ಎದೆಗೆ ತೊಡಿಸ್ತಾರೆ. ನಿಮ್ಮ ಕಡೆಯವರನ್ನೆಲ್ಲ ಕರ್ಕೊಂಡು ಬನ್ನಿ.”

“ನಮ್ಮ ಕಡೆಯವರು ಅಂದ್ರೆ...” ಮುದುಕ ಯೋಚಿಸಿದ. “ಹಾಲು ಹಾಕೋನು ಇದ್ದಾನೆ. ಅವನಿಗೆ ಬಿಡುವಿರಲ್ಲ.”

ಪೆಟ್ಟಿಗೆಯನ್ನು ಅವನು ತೆರೆದೂ ನೋಡಲಿಲ್ಲ.

“ದಾಖಲೆಗೆ ಸೇರಿತಲ್ಲ, ತಾಯಿ? ಮತ್ತೆ ಯಾರೂ ತೆಗೆಯೋ ಹಾಗಿಲ್ಲವಲ್ಲ?”

“ಸೇರಿತು. ಇನ್ನು ಯಾರೂ ತೆಗೆಯೋದಿಲ್ಲ.”

“ರೆಜಿಮೆಂಟಿಗೂ ತಿಳಿಸಿದ್ರಾ? ನನ್ನ ಹೊಸ ವಿಳಾಸ?”

“ಎರಡನ್ನೂ ತಿಳಿಸಿದೀವಿ. ಪಿಂಚಣಿಯೂ ಮುಂದಿನ ತಿಂಗಳಿಂದ ಏರುತ್ತೆ.”

“ಇದ್ದದ್ದರಲ್ಲೇ ನಡೀತಿತ್ತು,” ಎಂದ. ಕಣ್ಣು ಮುಚ್ಚಿ ಕೈ ಮುಗಿದ. ಮುಗಿದದ್ದು ಅವಳಿಗೋ ದೇವರಿಗೋ ತಿಳಿಯಲಿಲ್ಲ. ಮಗುವನ್ನು ಮಲಗಿಸಿ ಎದ್ದವರ ಮುಖದಲ್ಲಿ ಕಾಣುವ ನೆಮ್ಮದಿ ಅವನ ಮುಖದಲ್ಲಿತ್ತು.

ಗುಮಾಸ್ತೆಗೆ ತಡೆಯಲಾಗಲಿಲ್ಲ. “ಪದಕ ನೋಡಲ್ಲ, ಸಮಾರಂಭ ಬೇಡ, ದುಡ್ಡೂ ಬೇಡ. ಮತ್ತೆ ಯಾತಕ್ಕೆ ಇಷ್ಟು ಅಲೆದ್ರಿ, ಯಜಮಾನ್ರೇ?”

ಮುದುಕ ಟೋಪಿ ಹಾಕಿಕೊಂಡು ಎದ್ದ.

“ಪದಕದವನು ಸತ್ತರೆ ಹೊರೋದಕ್ಕೆ ರೆಜಿಮೆಂಟಿನಿಂದ ನಾಲ್ಕು ಜನ ಬರ್ತಾರೆ, ತಾಯಿ. ನಮ್ಮವಳನ್ನ ಹೊತ್ತಾಗ ಹಾಲಿನವನು, ಮನೆ ಮಾಲೀಕ, ನಾನು, ಮೂರೇ ಜನ ಇದ್ದೆವು. ಈ ಸಲ ನಾನೂ ಇರೋದಿಲ್ಲವಲ್ಲ.”