ನಾಲ್ಕನೆಯ ಗಂಡು

ಫೋಟೊ ನೋಡಲು ಯಾರಾದರೂ ರೇಷ್ಮೆ ಸೀರೆ ಉಟ್ಟು ಬರುತ್ತಾರೆಯೇ? ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಾದು ನಿಂತಿದ್ದ ಅವ್ವನನ್ನು ಕಂಡೊಡನೆ ಪದ್ಮಿನಿಗೆ ಅನುಮಾನ ಬಂತು. ಹನೂರಿನ ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಅರ್ಜಿಗಳೊಡನೆ ಗುದ್ದಾಡಿ ಅವಳು ಆಗಷ್ಟೇ ಬಸ್ಸಿಳಿದಿದ್ದಳು. ಲೈಬ್ರರಿಯಲ್ಲಿ ಹಳೇ ಕೊಳ್ಳೇಗಾಲದ ಫೋಟೊ ಇಟ್ಟಿದ್ದಾರಂತೆ, ನೋಡಿಕೊಂಡೇ ಯಳಂದೂರಿಗೆ ಹೋಗೋಣ ಎಂದಳು ಪುಷ್ಪಮ್ಮ. ಅಲ್ಲಿಗೆ ಬೇರೆ ಯಾರಾದರೂ ಬರುತ್ತಾರೇನು ಎಂದು ಮಗಳು ಕೇಳಿದ್ದೇ ತಡ, ಅವ್ವ ಸೆರಗು ಸರಿಮಾಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನಾಲ್ಕನೆಯ ಗಂಡು ಬಂತು ಎಂದುಕೊಂಡಳು ಪದ್ಮಿನಿ. ಹಿಂದಿನ ಮೂವರನ್ನೂ ಏನಾದರೊಂದು ಕೊಂಕು ತೆಗೆದು ಓಡಿಸಿದ್ದಳು. ನಿಜವಾದ ಕಾರಣ ಒಂದೇ. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸಿ ತನ್ನನ್ನು ಓದಿಸಿದ ಅವ್ವನನ್ನು ಒಂಟಿಯಾಗಿ ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಅವ್ವ ಅಳುತ್ತಾಳೆ ಎಂದು ಸುಮ್ಮನಿದ್ದಳು.

ಎಣಿಸಿದಂತೆಯೇ ಲೈಬ್ರರಿಯಲ್ಲಿ ಇಬ್ಬರು ಕಾದಿದ್ದರು. ಅವ್ವನ ಶಾಲೆಯಿಂದ ನಿವೃತ್ತರಾದ ಮಹದೇವಯ್ಯ ಮೇಷ್ಟ್ರು, ಜೊತೆಗೆ ಇಸ್ತ್ರಿ ಅಂಗಿಯ ಮಗ ನಟರಾಜು. ಹಿರಿಯರಿಬ್ಬರೂ ಎತ್ತಿನಗಾಡಿ, ಮಗ್ಗಗಳ ಫೋಟೊ ನೋಡುತ್ತಾ ಬೇಕೆಂದೇ ಮುಂದೆ ಸರಿದರು. ಉಪಾಯ ಚೆನ್ನಾಗಿದೆ ಎಂದು ಪದ್ಮಿನಿ ಒಳಗೊಳಗೇ ನಕ್ಕಳು.

ನಟರಾಜು ನೋಡಲು ಲಕ್ಷಣವಾಗಿದ್ದ. ಅದೇ ತೊಂದರೆ. ಪದ್ಮಿನಿ ತಡಮಾಡಲಿಲ್ಲ. ತನಗೆ ಅಡುಗೆ ಬರುವುದಿಲ್ಲ, ಮೂಗಿನ ತುದಿಯಲ್ಲೇ ಕೋಪ, ಎಂಟಕ್ಕೆ ಮೊದಲು ಏಳುವುದಿಲ್ಲ ಎಂದು ತನ್ನ ಮೇಲೆ ತಾನೇ ಚಾಡಿ ಹೇಳಿಕೊಂಡಳು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ನಮ್ಮವ್ವ ತೀರ್ಕಂಡ್ಮೇಲೆ ಅಡ್ಗೆ ಎಲ್ಲಾ ಅಪ್ಪಂದೇ ಕಣ್ರಿ,” ಅಂದ. “ನಿಮ್ಮವ್ವ ಖಾರ ಎಂಗೆ ತಿಂತಾರೆ?”

ಅತ್ತೆಗೆ ಇಷ್ಟು ಬೇಗ ಬೆಣ್ಣೆ ಹಚ್ಚುವ ಗಂಡನ್ನು ಅವಳು ಕಂಡಿರಲಿಲ್ಲ. ಅವ್ವನಿಗೆ ಮಂಡಿ ನೋವಿದೆಯೇ, ಬಸ್ ಪ್ರಯಾಣ ಒಗ್ಗುತ್ತದೆಯೇ ಎಂದೂ ವಿಚಾರಿಸಿದ. ಒಳ್ಳೆಯವನೇ, ಪಾಪ. ಇವನನ್ನು ಬೇಡ ಎನ್ನಲು ಅವಳಿಗೆ ಸಂಕಟವಾಯಿತು.

ಅಲ್ಲಿಂದ ಎದುರಿನ ಸೀರೆ ಅಂಗಡಿಗೆ ಹೋದರು. ನಲವತ್ತು ವರ್ಷದ ಅಂಗಡಿ ಅಂದಿಗೆ ಮುಚ್ಚುತ್ತಿತ್ತು. ಮಾಲೀಕರು ಉಳಿದದ್ದನ್ನೆಲ್ಲ ಅರ್ಧ ಬೆಲೆಗೆ ಕೊಟ್ಟು, ಮೇಲೆ ಕಾಫಿಯನ್ನೂ ಕುಡಿಸುತ್ತಿದ್ದರು. ಮಹದೇವಯ್ಯನವರು ಕೆಂಪಂಚಿನ ಹಸಿರು ಸೀರೆಯೊಂದನ್ನು ಎತ್ತಿ ಹಿಡಿದರು. ಪುಷ್ಪಮ್ಮ ಅದನ್ನು ಮುಟ್ಟಿ ನೋಡಿ, ಅಂಜುತ್ತಾ ಮಗಳತ್ತ ತಿರುಗಿದಳು. ಕೆಲಸ ಕೆಟ್ಟಿತು ಎಂದುಕೊಂಡಳು ಪದ್ಮಿನಿ. ಒಪ್ಪಿಗೆಯ ಸೀರೆ ಕೊಂಡ ಮೇಲೆ ಮಾತು ಹಿಂದಕ್ಕೆ ತೆಗೆಯುವುದುಂಟೇ?

ಅವಳು ನಟರಾಜುವನ್ನು ಬಾಗಿಲ ಬಳಿಗೆ ಕರೆದಳು.

“ನೋಡಿ, ನೀವು ಒಳ್ಳೇವ್ರು. ಆದ್ರೆ ನಾನು ಮದ್ವೆ ಆಗಿ ಒಂಟೋದ್ರೆ ನಮ್ಮವ್ವ ಒಬ್ಳೇ ಆಯ್ತಾಳೆ. ಅವ್ಳಿಗೊಂದು ಜೊತೆ ಇಲ್ದೆ ನಾನು ಎಲ್ಲಿಗೂ ಬರಾಕಿಲ್ಲ.”

ನಟರಾಜು ಕಕ್ಕಾಬಿಕ್ಕಿಯಾಗಿ ಅವಳನ್ನೇ ನೋಡಿದ. ಆಮೇಲೆ ನಗು ತಡೆಯಲಾರದೆ ಬಾಗಿಲಿಗೆ ಒರಗಿದ.

“ನಂಗೆ ಮದ್ವೆ ಆಗಿ ಮೂರು ವರ್ಸ ಆಯ್ತು ಕಣ್ರಿ. ಎಣ್ಣು ನೋಡಾಕೆ ಬಂದಿರೋದು ನಮ್ಮಪ್ಪ. ಮಗಳು ಒಪ್ಪುದ್ರೇ ಸೀರೆ ತಕತೀನಿ ಅಂತ ಕುಂತವ್ರೆ ನಿಮ್ಮವ್ವ.”