ನಗಾರಿ ಕೇಳದ ದಡ

ಕಡಲಿನಿಂದ ಕಡಲಿಗೆ ಹಬ್ಬಿದ್ದ ಸುಲ್ತಾನರ ರಾಜ್ಯದಲ್ಲಿ, ಯುದ್ಧದಲ್ಲಿ ಸತ್ತವರಿಗಾಗಿ ಅಳುವ ಮನೆಯೇ ಇರಲಿಲ್ಲ. ಗೆದ್ದ ದಿನ ಊರೂರಿನ ಕೋಟೆಯ ಮೇಲೆ ನಗಾರಿ ಬಾರಿಸುತ್ತಿದ್ದರು. ಅದನ್ನು ಕೇಳಿದವರ ಮನಸ್ಸಿನಿಂದ ಅಲ್ಲಿಯವರೆಗೆ ಸತ್ತ ಸೈನಿಕರೆಲ್ಲ ಅಳಿಸಿಹೋಗುತ್ತಿದ್ದರು. ಜನರಿಗೆ ಅದು ರೂಢಿಯಾಗಿತ್ತು. ಮನೆಯಲ್ಲಿ ಯಾರದೋ ಚಪ್ಪಲಿ ಕಂಡರೆ ಎತ್ತಿ ಫಕೀರರಿಗೆ ಕೊಡುತ್ತಿದ್ದರು.

ಕುದುರೆ ವ್ಯಾಪಾರಿ ಖಮರುದ್ದೀನ್ ಅರಬರ ನಾಡಿನಿಂದ ಬಹಳ ಕಾಲದ ಮೇಲೆ ಮರಳಿದ. ಹೆಂಡತಿ ಸಕೀನಾ ನಗುತ್ತ ನೀರು ಕೊಟ್ಟಳು. ಅವನು ಗಂಟು ಬಿಚ್ಚಿ ಉಣ್ಣೆಯ ಅಂಗಿಯೊಂದನ್ನು ತೆಗೆದ.

"ಯಾರಿಗ್ರೀ ಇದು? ನಿಮಗ ಬಿಗಿ ಆಗ್ತದಲ್ಲ."

"ಮಸೂದಗ. ಎಲ್ಲಿದ್ದಾನ ಅವ?"

"ಯಾವ ಮಸೂದ?"

ಅಂಗಿ ಅವನ ಕೈಯಿಂದ ಜಾರಿತು. ನಗಾರಿ ಬಾರಿಸುವಾಗ ಊರಲ್ಲಿರದ ಅವನು ಇಂಥ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿ ಸುಮ್ಮನೆ ಎದ್ದು ಬಂದಿದ್ದ. ಈಗ ಅದು ತನ್ನ ಮನೆಗೇ ಬಂದಿತ್ತು. ಮಗ ಸೈನ್ಯ ಸೇರಿದ್ದೇ ಅವನಿಗೆ ಗೊತ್ತಿರಲಿಲ್ಲ.

"ನಮ್ಮ ಮಗ, ಸಕೀನಾ. ನೀನ ಹೆತ್ತಾಕಿ."

"ಏನ್ ಮಾತಾಡ್ತೀರಿ? ನನಗೆಲ್ಲಿ ಮಕ್ಕಳಾಗ್ಯಾವ?"

ಗಂಡನ ಮುಖ ನೋಡುತ್ತಲೇ ಅವಳ ನಗು ನಿಂತಿತು. ನಗಾರಿ ತನ್ನ ಮನೆಯವನನ್ನೂ ಒಯ್ದಿದೆಯೆಂದು ತಿಳಿದು, ಬಿದ್ದ ಅಂಗಿಯನ್ನು ಎತ್ತಿಕೊಂಡಳು.

ಅಷ್ಟರಲ್ಲಿ ಬೀದಿಯಲ್ಲಿ ಡಂಗುರದವನು ಕೂಗಿದ. ಸುಲ್ತಾನರು ಮತ್ತೊಂದು ಕೋಟೆ ಗೆದ್ದಿದ್ದರು, ಸಂಜೆಗೆ ನಗಾರಿ. ಅದನ್ನು ಕೇಳಿದರೆ ಮಸೂದ ತನ್ನ ಮನಸ್ಸಿನಿಂದಲೂ ಹೋಗುತ್ತಾನೆಂದು ಖಮರುದ್ದೀನನಿಗೆ ಹೊಳೆಯಿತು. ಊರ ಹೊರಗಿನ ನದಿ ದಾಟಿದರೆ ಆ ಸದ್ದು ಕೇಳಿಸುತ್ತಿರಲಿಲ್ಲ. ಅವನು ಹೊರಗೋಡಿ ದಣಿದ ಕುದುರೆಯನ್ನೇ ಮತ್ತೆ ಹತ್ತಿದ. ಸಕೀನಾ ಬರಿಗಾಲಲ್ಲಿ ಬಂದು ಅವನ ಹಿಂದೆ ಕುಳಿತಳು.

ಊರಬಾಗಿಲು ದಾಟುವಾಗ ಅವಳು ಅವನ ಬೆನ್ನಿಗೆ ಹಣೆಯಿಟ್ಟು ಕೇಳಿದಳು:

"ಹೇಳ್ರೀ, ಅವ ಯಾರ ಹಂಗ ಇದ್ದ?"