ಸರ್ ಹಣೆಯ ಕೆಂಪು ದೀಪ

ಪಾಠ ಅರ್ಥವಾದರೆ ಮಕ್ಕಳ ಹಣೆಪಟ್ಟಿಯಲ್ಲಿ ಹಸಿರು ದೀಪ ಹತ್ತುತ್ತಿತ್ತು, ಇಲ್ಲದಿದ್ದರೆ ಕೆಂಪು. ಆ ಕ್ಷಣವೇ ಅದು ಪಾಲಕರ ವಾಟ್ಸಾಪ್ ಗುಂಪಿಗೂ ಹೋಗುತ್ತಿತ್ತು. ಆ ಸೋಮವಾರದಿಂದ ಶಿಕ್ಷಕರೂ ಪಟ್ಟಿ ಕಟ್ಟಬೇಕೆಂದು ಆದೇಶವಾಗಿತ್ತು. ಹದಿನೆಂಟು ವರ್ಷ ಗಣಿತ ಕಲಿಸಿದ್ದ ಬೆಳವಟಗಿ ಸರ್ ನಗುತ್ತಲೇ ಕಟ್ಟಿಕೊಂಡರು.

ಬೋರ್ಡಿನ ಮೇಲೆ ಅರ್ಧವನ್ನು ಕಾಲು ಭಾಗದಿಂದ (1/2 ÷ 1/4) ಭಾಗಿಸಿದರು. "ಎರಡನೇದ್ದು ತಿರುವಿ ಹಾಕಿ ಗುಣಿಸ್ರಿ. ಉತ್ತರ ಎರಡು," ಎಂದು ತಿರುಗಿ ನೋಡಿದರು. ಸಾನಿಯಾಳ ದೀಪವೊಂದು ಬಿಟ್ಟು ಉಳಿದವೆಲ್ಲ ಕೆಂಪು. ಆದರೆ ಮಕ್ಕಳು ಅವರ ಹಣೆಯನ್ನೇ ನೋಡುತ್ತಿದ್ದರು.

"ಸರ್, ನಿಮ್ದೂ ಕೆಂಪ ಹತ್ತೇತ್ರಿ," ಎಂದಳು ಸಾನಿಯಾ.

ಬೇರೆ ಪಟ್ಟಿ ಕಟ್ಟಿಕೊಂಡರು. ಅದೂ ಕೆಂಪು. ಮೇಜಿನ ಮೇಲಿದ್ದ ಫೋನಿಗೆ ಪಾಲಕರ ಸಂದೇಶಗಳು ಒಂದೇ ಸಮನೆ ಬರತೊಡಗಿದವು. ಯಾಕೆ ತಿರುವಿ ಹಾಕಬೇಕೆಂದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ನಿನಗ ಹೆಂಗ ತಿಳೀತವ್ವಾ?" ಎಂದು ಸಾನಿಯಾಳನ್ನು ಕೇಳಿದರು.

"ಇಡೀ ರೊಟ್ಟ್ಯಾಗ ಕಾಲು ತುಂಡು ನಾಕು ಬರ್ತಾವ್ರಿ. ಅರ್ಧ ರೊಟ್ಟ್ಯಾಗ ಅದರ ಅರ್ಧ, ಎರಡು. ಅದಕ್ಕ ನಾಕರಿಂದ ಗುಣಿಸೂದ್ರಿ."

ಸರ್ ಹಣೆಯಲ್ಲಿ ಹಸಿರು ಹತ್ತಿತು. ಮಕ್ಕಳ ಚಪ್ಪಾಳೆ ಅವರಿಗೆ ಕೇಳಿಸಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ಲೆಕ್ಕಕ್ಕೆ "ಯಾಕ್ರೀ ಸರ್?" ಎಂದು ಕೇಳಿದ ಹುಡುಗಿಯನ್ನು ದಿನವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದರು. ಮರುದಿನದಿಂದ ಅವಳು ಶಾಲೆಗೆ ಬಂದಿರಲಿಲ್ಲ.

ಫೋನಿನಲ್ಲಿ ಹಳೆಯ ವಿದ್ಯಾರ್ಥಿಗಳ ಗುಂಪು ತೆರೆದು ಬರೆದರು: "ದ್ಯಾಮವ್ವ ಹೂಗಾರ ಈಗ ಎಲ್ಲಿದ್ದಾಳೆ? ಯಾರಿಗಾದರೂ ಗೊತ್ತಿದ್ದರೆ ತಿಳಿಸಿರಿ. ನಾನೇ ಹೋಗಿ ಅವಳಿಗೆ ಉತ್ತರ ಹೇಳಬೇಕು."